ಸಕ್ಕರೆ ಎಮ್ರಿಸನ ಹಿಂದೆ ನಡೆದವರು

ಅಕ್ಟೋಬರ್ 4, 1998, ಭಾನುವಾರ

ಅಂತೂ ಬಂದು ಮುಟ್ಟಿದೆ. ಸ್ವಿಂಡನ್ನಿನಿಂದ ಎರಡು ರೈಲು, ಆಮೇಲೆ ಅಬರ್ ಬೆಡುವಿನಿಂದ ಆ ಹಾಳು ಬಸ್ಸು. ಭಾನುವಾರ ಮೇಲಿನ ತನಕ ಹೋಗಲ್ಲ ಅಂತ ಡ್ರೈವರ್ ನನ್ನನ್ನು ನಮ್ಮೂರು ಪೆನ್ ಬೆಡುವಿನ ಕೆಳಗಿನ ತಿರುವಿನಲ್ಲೇ ಇಳಿಸಿದ. ಸೂಟ್‌ಕೇಸ್ ಎಳೆದುಕೊಂಡು ಏರು ಹತ್ತುವಾಗ ಒಂದೊಂದು ಮನೆಯ ಕಿಟಕಿ ಪರದೆಯೂ ಅಲ್ಲಾಡಿತು. ಇಷ್ಟು ಹೊತ್ತಿಗೆ ನನ್ನ ಕೋಟಿನ ಬಣ್ಣ ಬೀದಿಯವರ ಬಾಯಲ್ಲೆಲ್ಲ ಇರುತ್ತೆ. ಇಲ್ಲಿಯ ಜನಕ್ಕೆ ಇನ್ನೇನು ಕೆಲಸ. ಕಲ್ಲಿದ್ದಲು ಗಣಿ ಮುಚ್ಚಿ ಹನ್ನೆರಡು ವರ್ಷ ಆಯ್ತು, ಪರದೆ ಸರಿಸುವ ಕೆಲಸ ಮಾತ್ರ ನಿಂತಿಲ್ಲ.

ಅಣ್ಣ ಕೆಳಗಿನ ಕೋಣೆಯಲ್ಲಿ ಮಂಚ ಹಾಕಿಸಿಕೊಂಡು ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಂತೆ. ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು. ನನ್ನನ್ನು ನೋಡಿ ಮೊದಲು ಹೇಳಿದ್ದು, "ದಪ್ಪ ಆಗಿದ್ದೀಯ ಕಣೇ ನೆಸ್ಟಾ. ಒಳ್ಳೇದು. ನಮ್ಮಿಬ್ಬರಲ್ಲಿ ಒಬ್ಬರಾದರೂ ಆಗ್ಬೇಕಿತ್ತು." ಅಷ್ಟು ಹೇಳಿ ಐದು ನಿಮಿಷ ಕೆಮ್ಮಿದ.

ಡಾಕ್ಟರು ಕ್ರಿಸ್‌ಮಸ್ ನೋಡೋದು ಕಷ್ಟ ಅಂದಿದ್ದಾರೆ. ಮದುವೆಯಾಗದ ಗಂಡಸು, ಅರವತ್ತೆರಡು ವರ್ಷ, ನೋಡಿಕೊಳ್ಳಲು ನಾನಲ್ಲದೆ ಯಾರಿದ್ದಾರೆ? ಅವನನ್ನು ನನ್ನ ಜೊತೆ ಸ್ವಿಂಡನ್ನಿಗೆ ಕರೆದುಕೊಂಡು ಹೋಗಬೇಕು ಅಂತಲೇ ಬಂದೆ. ಅಲ್ಲಿ ಒಳ್ಳೆಯ ಆಸ್ಪತ್ರೆ ಇದೆ, ಕಿಟಕಿಯಿಂದ ಹೂವಿನ ತೋಟ ಕಾಣುತ್ತೆ. ಅವನಿಗೆ ಹೇಳಿದೆ. "ಹೂವು ನೋಡ್ಕೊಂಡು ಏನ್ ಮಾಡ್ಲಿ?" ಅಂದ. ನಾಳೆ ಮತ್ತೆ ಹೇಳಬೇಕು.

ಅಕ್ಟೋಬರ್ 6, ಮಂಗಳವಾರ

ಬೆಳಿಗ್ಗೆ ಬಾಗಿಲು ಬಡಿಯದೆ ಒಳಗೆ ಬಂದವಳು ಮೇಲ್ಮನೆ ಬೆಟಿ. ನಮ್ಮ ಮನೆಸಾಲಿನ ತುದಿಮನೆಯವಳು. ನಾನೂ ಅವಳೂ ಒಂದೇ ಬೆಂಚಿನಲ್ಲಿ ಓದಿದವರು. ಕೈಯಲ್ಲಿ ಕುರಿಮಾಂಸದ ಸಾರಿನ ಪಾತ್ರೆ.

"ಸಕ್ಕರೆ ಎದ್ದಿದ್ದಾನಾ?" ಅಂದಳು.

"ಅವನಿಗೆ ಒಂದು ಹೆಸರಿದೆ ಬೆಟಿ," ಅಂದೆ.

"ಇದೆಯಲ್ಲ. ಸಕ್ಕರೆ."

ಈ ಕಣಿವೆಯಲ್ಲಿ ಇರೋದೇ ಐದಾರು ಮನೆತನದ ಹೆಸರು. ಒಂದು ಕಲ್ಲೆಸೆದರೆ ಮೂವರು ಪ್ರಾಸರ್‌ಗಳಿಗೆ ತಗಲುತ್ತೆ. ಅದಕ್ಕೇ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಒಮ್ಮೆ ಅಂಟಿದರೆ ಸಾಯುವ ತನಕ ಬಿಡಲ್ಲ. ಅಣ್ಣನಿಗೆ ಸಕ್ಕರೆ ಅಂಟಿದ್ದು ಹದಿನೈದನೇ ವಯಸ್ಸಿಗೆ, ಗಣಿಗೆ ಇಳಿದ ಮೊದಲ ದಿನ. ಅಪ್ಪ ಹೋಗಿ ಆರು ತಿಂಗಳಾಗಿತ್ತು, ಮನೆಯಲ್ಲಿ ಏನೂ ಇರಲಿಲ್ಲ. ಉಳಿದ ಹುಡುಗರ ಬುತ್ತಿಯಲ್ಲಿ ಗಿಣ್ಣು, ಮಾಂಸ. ಅಮ್ಮ ಅವನಿಗೆ ಬ್ರೆಡ್ಡಿನ ಮಧ್ಯೆ ಸಕ್ಕರೆ ಉದುರಿಸಿ ಕೊಟ್ಟಿದ್ದಳು. ಮಾರನೇ ದಿನದ ಹೊತ್ತಿಗೆ ಇಡೀ ಕಣಿವೆಗೆ ಗೊತ್ತು. ಶಾಲೆಯಲ್ಲಿ ನಾನು ಹೋದರೆ ಹುಡುಗಿಯರು "ಸಕ್ಕರೆ ತಂಗಿ ಬಂದ್ಲು, ಇರುವೆ ಬರುತ್ತೆ, ದೂರ ಸರೀರೇ" ಅನ್ನೋರು. ನಮ್ಮ ಬಡತನವನ್ನು ಹೆಸರು ಮಾಡಿ ಕರೆದ ಜನ ಇವರು. ಬೆಟಿಯೂ ಅಂದಿದ್ದಾಳೆ. ಅವಳು ಮರೆತಿರಬಹುದು, ನಾನು ಮರೆತಿಲ್ಲ.

ಸಾರು ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನಲ್ಲ. ಅಣ್ಣ ನಾಲ್ಕು ಚಮಚ ಕುಡಿದ.

ಅಕ್ಟೋಬರ್ 11, ಭಾನುವಾರ

ಇವತ್ತು ಅಣ್ಣನಿಗೆ ಉಸಿರು ಸ್ವಲ್ಪ ಹಗುರವಿತ್ತು. ಮಧ್ಯಾಹ್ನವೆಲ್ಲ ಕಿಟಕಿ ಕಡೆಗೇ ನೋಡುತ್ತಿದ್ದ. ಯಾರನ್ನು ಕಾಯ್ತಿದ್ದೀಯ ಅಂದೆ.

"ಯಾರನ್ನೂ ಇಲ್ಲ. ಅಭ್ಯಾಸ. ಭಾನುವಾರ ಪಿಸು ಬರ್ತಿದ್ದ."

ಪಿಸು ಅಂದರೆ ಗಣಿಯಲ್ಲಿ ಇವನ ಜೊತೆಗಾರ. ಮೂವತ್ತೈದು ವರ್ಷ ಇಬ್ಬರೂ ಒಂದೇ ಜಾಗದಲ್ಲಿ, ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ ತಾಗುವ ಹಾಗೆ, ಕಲ್ಲಿದ್ದಲು ಕಡಿದವರು. ಅವನು ಮಾತಾಡಿದರೆ ಪಕ್ಕದ ಕಣಿವೆಗೆ ಕೇಳುತ್ತಿತ್ತಂತೆ, ಅದಕ್ಕೇ ಪಿಸುಮಾತು ಅಂತ ಹೆಸರಿಟ್ಟು, ಆಮೇಲೆ ಪಿಸು ಆಯ್ತು. ಆಗಸ್ಟಿನಲ್ಲಿ ಅವನಿಗೂ ಎದೆ ಕೈಕೊಟ್ಟು, ಮೊಮ್ಮಗಳು ಅಬರ್ ಬೆಡುವಿಗೆ ಕರೆದುಕೊಂಡು ಹೋಗಿದ್ದಾಳೆ. ಅವನು ಏರು ಹತ್ತಲಾರ, ಇವನು ಇಳಿಯಲಾರ. ಮಧ್ಯೆ ನಾಲ್ಕು ಮೈಲಿ.

"ಅವನ ನಿಜವಾದ ಹೆಸರೇನು? ಫೋನ್ ಪುಸ್ತಕದಲ್ಲಿ ಹುಡುಕಿ ಮಾತಾಡಿಸ್ತೀನಿ," ಅಂದೆ.

ಅಣ್ಣ ಯೋಚಿಸಿದ. ತುಂಬ ಹೊತ್ತು ಯೋಚಿಸಿದ. "ಗೊತ್ತಿಲ್ಲ ಕಣೇ," ಅಂದ.

"ಮೂವತ್ತೈದು ವರ್ಷ ಜೊತೆಗಿದ್ದು ಹೆಸರು ಗೊತ್ತಿಲ್ವಾ?"

"ಗೊತ್ತಿದೆಯಲ್ಲ. ಪಿಸು. ಅಬರ್ ಬೆಡುನಲ್ಲಿ ಯಾರನ್ನ ಕೇಳಿದ್ರೂ ಮನೆ ತೋರಿಸ್ತಾರೆ, ಹೋಗು."

ನಾನು ಇಪ್ಪತ್ತಾರು ವರ್ಷ ಶಾಲೆಯ ಕಚೇರಿಯಲ್ಲಿ ಹಾಜರಿ ಬರೆದವಳು. ಒಂದು ಮಗುವಿನ ನಡುವಿನ ಹೆಸರು ಬಿಟ್ಟುಹೋದರೂ ನನಗೆ ಊಟ ಸೇರುತ್ತಿರಲಿಲ್ಲ. ನಡುಬೀದಿಯಲ್ಲಿ ನಿಂತು ಪಿಸು ಮನೆ ಎಲ್ಲಪ್ಪಾ ಅಂತ ಕೇಳಲೇ? ಮಕ್ಕಳು ಕೂಡ ನಗುತ್ತಾರೆ.

ಆಮೇಲೆ ಅವನು ಸಕ್ಕರೆಯ ಕಥೆ ತೆಗೆದ. ಆ ಮೊದಲ ದಿನ ಪಿಸುವಿನ ಬುತ್ತಿ ನೀರಿಗೆ ಬಿದ್ದು ಹಾಳಾಯ್ತಂತೆ, ಇವನು ತನ್ನ ಸಕ್ಕರೆ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟನಂತೆ. ಅವನು ಬಾಯಿ ತುಂಬ ತಿನ್ನುತ್ತಾ ಇಡೀ ಸುರಂಗಕ್ಕೆ ಕೇಳುವ ಹಾಗೆ, "ಇವನು ಸಕ್ಕರೆ ಕಣ್ರೋ" ಅಂದನಂತೆ. "ಅವನು ಇಟ್ಟ ಹೆಸರು ಕಣೇ ಅದು. ನಿನಗೆ ಅದು ಯಾಕೆ ಚುಚ್ಚುತ್ತೋ," ಅಂದ. ಅಣ್ಣ ಯಾವಾಗಲೂ ಹೀಗೇ. ತನ್ನನ್ನು ಹೊಡೆದವನ ಬಗ್ಗೆಯೂ ಒಂದು ಒಳ್ಳೆಯ ಕಥೆ ಕಟ್ಟಿಕೊಳ್ಳುತ್ತಾನೆ.

ಅಕ್ಟೋಬರ್ 15, ಗುರುವಾರ

ನಿದ್ದೆಯಿಲ್ಲ. ಸ್ವಿಂಡನ್ನಿನ ಮಾತು ಬಿಟ್ಟೆ. ಗಂಡ ಕಾಲಿನ್‌ಗೆ ಫೋನ್ ಮಾಡಿ ಇನ್ನೂ ಕೆಲವು ವಾರ ಆಗುತ್ತೆ ಅಂದೆ. ಅವನು ಬಟ್ಟೆ ಒಗೆಯುವ ಮೆಷೀನಿನ ಯಾವ ಗುಂಡಿ ಒತ್ತಬೇಕು ಅಂತ ಕೇಳಿದ.

ಅಕ್ಟೋಬರ್ 20, ಮಂಗಳವಾರ

ಅಣ್ಣ ತನ್ನ ಕರಿ ಕೋಟನ್ನು ಹೊರಗೆ ತೆಗೆಸಿದ. ಬ್ರಷ್ ಹಾಕು ಅಂದ. ಹಾಕಿದೆ. ಯಾಕೆ ಅಂತ ಕೇಳಲಿಲ್ಲ. ಅವನೇ ಹೇಳಿದ.

"ಇದನ್ನ ಹಾಕ್ಕೊಂಡು ಎಷ್ಟು ಜನರ ಹಿಂದೆ ನಡೆದಿದ್ದೀನಿ ಗೊತ್ತಾ? ಒಂದೂ ತಪ್ಪಿಸಿಲ್ಲ. ಹಿಮ ಬಿದ್ದಾಗ ಹೋಗಿದ್ದೀನಿ. ಜ್ವರ ಇದ್ದಾಗ ಹೋಗಿದ್ದೀನಿ. ನನ್ನ ಕಂಡ್ರೆ ಆಗದೋನು ಸತ್ತಾಗ್ಲೂ ಹೋಗಿದ್ದೀನಿ."

ನಿಜ. ಇಲ್ಲಿ ಗಂಡಸು ಸತ್ತರೆ ಜನ ಕೇಳೋದು ಒಂದೇ ಮಾತು: ಎಷ್ಟು ಜನ ನಡೆದ್ರು? ಹೇಗೆ ಬದುಕಿದ, ಏನು ಬಿಟ್ಟುಹೋದ ಅಂತ ಯಾರೂ ಕೇಳಲ್ಲ. ಅಪ್ಪನ ಹಿಂದೆ ಇಡೀ ಗಣಿ ನಡೆದಿತ್ತು. ನಾನೂ ಅಮ್ಮನೂ ಪರದೆ ಎಳೆದ ಕೋಣೆಯಲ್ಲಿ ಕೂತು ಬೂಟಿನ ಸದ್ದು ಕೇಳಿಸಿಕೊಂಡಿದ್ದೆವು. ಅದು ಮುಗಿಯುತ್ತಲೇ ಇರಲಿಲ್ಲ. ಹೆಂಗಸರು ಹೋಗುವ ಪದ್ಧತಿ ಇಲ್ಲ. ಗಂಡಸರು ಹೂಳಿ ಬರುತ್ತಾರೆ, ಹೆಂಗಸರು ಮನೆಯಲ್ಲಿ ಹಂದಿಮಾಂಸ ಕೊಯ್ದು, ಚಹಾ ಕಾಯಿಸಿ, ಅವರಿಗಾಗಿ ಕಾಯುತ್ತಾರೆ.

"ನನಗೂ ಹಾಗೇ ಆಗ್ಲಿ," ಅಂದ ಅಣ್ಣ. "ಹಳೇ ಕ್ರಮದಲ್ಲಿ. ಗಂಡಸರು ಮಾತ್ರ. ನಮ್ಮ ಗಣಿಯೋರು ಈಗ ಕಣಿವೆ ತುಂಬ ಚೆಲ್ಲಾಪಿಲ್ಲಿ ಆಗಿದ್ದಾರೆ, ಆದ್ರೆ ಬರ್ತಾರೆ. ನೋಡ್ತಿರು, ಸೇತುವೆ ತನಕ ಸಾಲು ನಿಲ್ಲುತ್ತೆ." ಉಸಿರು ತೆಗೆದುಕೊಂಡು, "ಚಿನ್ನ ಬೇಡ, ಬೆಳ್ಳಿ ಬೇಡ, ಅದೊಂದು ಮಾಡಿಸ್ಕೊಡು ನೆಸ್ಟಾ. ಮೊದಲು ಪಿಸುಗೆ ಹೇಳು. ಪಿಸುಗೆ ಹೇಳಿದ್ರೆ ಎಲ್ಲರಿಗೂ ಹೇಳಿದ ಹಾಗೆ," ಅಂದ.

ಮಾತು ಕೊಟ್ಟೆ. ಎಲ್ಲವನ್ನೂ ಚೊಕ್ಕವಾಗಿ, ಮರ್ಯಾದೆಯಾಗಿ ಮಾಡ್ತೀನಿ ಅಂದೆ. ಅವನು ನನ್ನ ಕೈ ತಟ್ಟಿದ. ಆ ಕೈ ಮುಟ್ಟಿದರೆ ನನಗೆ ಅಳು ಬರುತ್ತೆ. ಕಲ್ಲಿದ್ದಲ ಚೂರು ಚರ್ಮದೊಳಗೆ ನೀಲಿ ಗೆರೆಯಾಗಿ ಉಳಿದಿರುವ ಕೈ. ಅಡುಗೆಮನೆಗೆ ಹೋಗಿ ಅತ್ತೆ.

ಅಕ್ಟೋಬರ್ 24, ಶನಿವಾರ

ನೀರು ಬಿಟ್ಟು ಏನೂ ಇಳಿಯುತ್ತಿಲ್ಲ. ನರ್ಸ್ ಎರಡು ಸಲ ಬಂದು ಹೋದಳು. ಬೆಟಿ ಬಂದು ಪಾತ್ರೆ ತೊಳೆದು ಹೋದಳು.

ಅಕ್ಟೋಬರ್ 26, ಸೋಮವಾರ

ಬೆಳಿಗ್ಗೆ ಹೋಗಿಬಿಟ್ಟ. ನಾನು ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದೆ. ತಿರುಗಿ ನೋಡಿದಾಗ ಆಗಿಹೋಗಿತ್ತು.

ಅಕ್ಟೋಬರ್ 27, ಮಂಗಳವಾರ

ಶವಸಂಸ್ಕಾರದ ಅಂಗಡಿಯ ಟೆಗ್ವಿನ್ ಬಂದಿದ್ದ. ಪೆಟ್ಟಿಗೆ ಟೆಗ್ವಿನ್ ಅಂತಾರೆ ಇವನನ್ನು, ಇವನ ಅಪ್ಪನೂ ಪೆಟ್ಟಿಗೆಯೇ. ಮುಂದಿನ ಕೋಣೆಯಲ್ಲಿ ಅಣ್ಣನನ್ನು ಮಲಗಿಸಿದ್ದೇವೆ. ನಮ್ಮ ಊರಿನ ಸ್ಮಶಾನದಲ್ಲಿ ಜಾಗವಿಲ್ಲ. ಅಬರ್ ಬೆಡು ದಾಟಿ ಹೊಸದಿದೆಯಂತೆ, ಅಲ್ಲಿ. ಊರ ಕೊನೆಯ ತನಕ ಗಂಡಸರು ಹೆಣದ ಗಾಡಿಯ ಹಿಂದೆ ನಡೆಯೋದು, ಅಲ್ಲಿಂದ ಕಾರುಗಳು. ಬರುವ ಸೋಮವಾರ ಹನ್ನೊಂದಕ್ಕೆ.

ಕಣಿವೆಯ ವಾರಪತ್ರಿಕೆ ಗುರುವಾರ ಬರುತ್ತೆ. ಅದರಲ್ಲಿ ಹಾಕಿಸಲು ಟೆಗ್ವಿನ್ ಪೆನ್ನು ತೆಗೆದು ಕೂತ. "ಎಮ್ರಿಸ್ ಪ್ರಾಸರ್, ಬ್ರಾಕೆಟ್ಟಿನಲ್ಲಿ ಸಕ್ಕರೆ, ಅಲ್ವೇ?" ಅಂದ.

"ಬ್ರಾಕೆಟ್ಟೂ ಬೇಡ, ಸಕ್ಕರೆಯೂ ಬೇಡ. ಎಮ್ರಿಸ್ ಲೆವೆಲಿನ್ ಪ್ರಾಸರ್. ಪೂರ್ತಿ ಹೆಸರು."

ಅವನು ಪೆನ್ನನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ಹಿಡಿದ. "ನೋಡಿ ಅಮ್ಮ, ಸಾಮಾನ್ಯವಾಗಿ ನಾವು..."

"ಸಾಮಾನ್ಯವಾಗಿ ನೀವು ಏನು ಮಾಡ್ತೀರೋ ನನಗೆ ಗೊತ್ತು. ಹುಟ್ಟಿದಾಗ ಅಮ್ಮ ಇಟ್ಟ ಹೆಸರಿನಲ್ಲಿ ಅವನು ಹೋಗಲಿ."

ಬರೆದುಕೊಂಡ. ಬೆಟಿ ಒಲೆಯ ಹತ್ತಿರ ನಿಂತಿದ್ದಳು. ಅವನು ಹೊರಟ ಮೇಲೆ ಶುರು ಮಾಡಿದಳು.

"ನೆಸ್ಟಾ, ಆ ಹೆಸರಲ್ಲಿ ಯಾರಿಗೆ ಗೊತ್ತಾಗುತ್ತೆ? ಕೆಳಗಿನ ಊರೋರಿಗೆ ಎಮ್ರಿಸ್ ಯಾರು ಅಂತಾನೇ ಗೊತ್ತಿಲ್ಲ."

"ಓದು ಬರುತ್ತಲ್ಲ ಅವರಿಗೆ?"

"ಓದು ಬರುತ್ತೆ. ಏನು ಓದ್ತಾರೆ ಅನ್ನೋದು ಬೇರೆ."

"ನಿನಗೆ ಸಾವಿನಲ್ಲೂ ಅವನನ್ನ ಗೇಲಿ ಮಾಡ್ಬೇಕಾ ಬೆಟಿ? ಶಾಲೇಲಿ ಮಾಡಿದ್ದು ಸಾಕಾಗಲಿಲ್ವಾ?"

ಅವಳ ಮುಖ ಕೆಂಪಾಯ್ತು. "ಗೇಲಿ? ಇಪ್ಪತ್ತು ವರ್ಷದಿಂದ ನನ್ನ ಮನೆ ಕಲ್ಲಿದ್ದಲು ಹೊತ್ತು ಹಾಕ್ತಿದ್ದೋನು ಅವನು. ನೀನೆಲ್ಲಿದ್ದೆ ಆಗ?"

"ಇದು ನಮ್ಮ ಮನೆ ವಿಷಯ," ಅಂದೆ.

"ಸರಿ. ನಿಮ್ಮ ಮನೆ ವಿಷಯ. ನಾನು ಇನ್ನು ಬಾಯಿ ಬಿಡಲ್ಲ." ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿ ಹೋದಳು. ಹೋಗಲಿ. ನಾನು ಹೇಳಿದ್ದರಲ್ಲಿ ತಪ್ಪೇನಿದೆ?

ಅಕ್ಟೋಬರ್ 29, ಗುರುವಾರ

ಪತ್ರಿಕೆ ಬಂತು. ನಾಲ್ಕನೇ ಪುಟ, ಮೇಲಿನಿಂದ ಎರಡನೆಯದು. "ಎಮ್ರಿಸ್ ಲೆವೆಲಿನ್ ಪ್ರಾಸರ್, ಪೆನ್ ಬೆಡು. ಗಂಡಸರು ಮಾತ್ರ." ಎಷ್ಟು ಘನವಾಗಿ ಕಾಣುತ್ತೆ. ಕತ್ತರಿಸಿ ಇಟ್ಟುಕೊಂಡೆ. ಅಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದಳು.

ಪಿಸುವನ್ನು ಹುಡುಕಿಕೊಂಡು ಹೋಗಬೇಕಿತ್ತು. ಆದರೆ ಮನೆ ಗುಡಿಸಿ ಒರೆಸಬೇಕು, ಕಪ್ಪು ಸಾಸರು ಹೊಂದಿಸಬೇಕು, ಅಣ್ಣನನ್ನು ಒಬ್ಬನೇ ಬಿಟ್ಟು ಹೋಗುವ ಹಾಗಿಲ್ಲ. ಹೇಗೂ ಪತ್ರಿಕೆಯಲ್ಲಿ ಬಂದಿದೆ. ಇಲ್ಲಿಯ ಗಂಡಸರು ಮೊದಲು ಓದೋದೇ ಸತ್ತವರ ಪುಟ.

ಅಕ್ಟೋಬರ್ 31, ಶನಿವಾರ

ಯಾರೂ ಬರಲಿಲ್ಲ, ಫೋನೂ ಇಲ್ಲ. ನಮ್ಮ ಸಾಲಿನ ನಾಲ್ಕು ಜನ ಬಂದು ಅಣ್ಣನ ಮುಖ ನೋಡಿ ಹೋದರು. ಎಲ್ಲ ಸೋಮವಾರಕ್ಕೇ ಬರುತ್ತಾರೆ ಅನ್ನಿಸುತ್ತೆ. ನೂರು ಜನಕ್ಕೆ ಆಗುವಷ್ಟು ಮಾಂಸ ಬೇಯಿಸಿದೆ. ಒಣದ್ರಾಕ್ಷಿ ಬ್ರೆಡ್ಡು ಹನ್ನೆರಡು. ಚರ್ಚಿನ ಸಭಾಂಗಣದಿಂದ ಕಪ್ಪುಗಳನ್ನು ತರಿಸಿದೆ. ಸಾಲದಿದ್ದರೆ ಏನು ಗತಿ ಅಂತ ಒಂದೇ ಚಿಂತೆ.

ನವೆಂಬರ್ 2, ಸೋಮವಾರ

ಏಳು ಜನ.

ಬರೆಯಬೇಕು, ಬರೆಯದಿದ್ದರೆ ನಿದ್ದೆ ಬರಲ್ಲ. ಬೆಳಿಗ್ಗೆ ಬೀದಿಯ ಪರದೆಗಳೆಲ್ಲ ಎಳೆದಿದ್ದವು. ಬೆಟಿ ಬಂದಳು. ಮಾತಾಡದೆ ಏಪ್ರನ್ ಕಟ್ಟಿಕೊಂಡು ಮಾಂಸ ಕೊಯ್ಯಲು ನಿಂತಳು. ಬರದೆ ಇರಲಾರಳು ಅಂತ ನನಗೂ ಗೊತ್ತಿತ್ತು. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಹತ್ತೂವರೆಗೆ ನಮ್ಮ ಸಾಲಿನ ಗಂಡಸರು ಹೊರಗೆ ನಿಂತರು, ಎಲ್ಲ ಎಪ್ಪತ್ತು ದಾಟಿದವರು, ಕರಿ ಕೋಟು, ಕೈಯಲ್ಲಿ ಟೋಪಿ. ಏರಿನ ಕೆಳಗೆ ನೋಡಿದರು. ನಾನೂ ನೋಡಿದೆ. ಬಸ್ಸು ಬಂತು, ಖಾಲಿ ಹೋಯ್ತು.

ಹನ್ನೊಂದಾಯ್ತು. ಟೆಗ್ವಿನ್ ಗಡಿಯಾರ ನೋಡಿ, "ಇನ್ನು ಸ್ವಲ್ಪ ಹೊತ್ತು ನೋಡೋಣ," ಅಂದದ್ದು ಕಿಟಕಿಯೊಳಗೆ ಕೇಳಿಸಿತು. ಪೆಟ್ಟಿಗೆ ಹೊರಲು ಗಟ್ಟಿಮುಟ್ಟಾದ ಜನ ಸಾಲದೆ ಟೆಗ್ವಿನ್ನನ ಡ್ರೈವರೂ ಹೆಗಲು ಕೊಟ್ಟ. ಬೂಟಿನ ಸದ್ದು ನಾಲ್ಕು ಮನೆ ದಾಟುವಷ್ಟರಲ್ಲಿ ಮುಗಿದುಹೋಯ್ತು.

ಬೆಟಿ ಚಾಕು ಕೆಳಗಿಟ್ಟು ಅತ್ತಳು. ನಾನು ಅಳಲಿಲ್ಲ. ಕೊಯ್ಯುತ್ತಲೇ ಇದ್ದೆ.

ಒಂದು ಗಂಟೆಗೆ ಏಳೂ ಜನ ವಾಪಸ್ ಬಂದರು. ಅಷ್ಟುದ್ದದ ಮೇಜು ನೋಡಿ ಎಲ್ಲಿ ಕೂರಬೇಕು ಅಂತ ತಿಳಿಯದೆ ನಿಂತರು. ಪಾಪ, ಬಲವಂತಕ್ಕೆ ಎರಡೆರಡು ತಟ್ಟೆ ತಿಂದರು. "ಮಳೆ ಅಲ್ವಾ, ಅದಕ್ಕೆ ಜನ..." ಅಂದ ಒಬ್ಬ. ಮಳೆ ಇರಲಿಲ್ಲ.

ನವೆಂಬರ್ 3, ಮಂಗಳವಾರ

ಇವರಿಗೆ ನಾಚಿಕೆಯಾಗಬೇಕು. ನಮ್ಮಣ್ಣ ಇವರಲ್ಲಿ ಪ್ರತಿಯೊಬ್ಬನ ಅಪ್ಪನ ಹಿಂದೆ, ತಮ್ಮನ ಹಿಂದೆ, ಮಗನ ಹಿಂದೆ ನಡೆದವನು. ಜ್ವರದಲ್ಲಿ ನಡೆದವನು. ಅವನ ಸರದಿ ಬಂದಾಗ ಒಬ್ಬನಿಗೂ ನಾಲ್ಕು ಮೈಲಿ ಬಸ್ಸು ಹತ್ತಲು ಕಾಲಿರಲಿಲ್ಲ. ಆ ಪಿಸು, ಅಷ್ಟು ಜೀವದ ಗೆಳೆಯ, ಒಂದು ಹೂವಾದರೂ ಕಳಿಸಬಾರದಿತ್ತಾ? ನಾನು ಚಿಕ್ಕಂದಿನಿಂದ ಈ ಕಣಿವೆಯ ಬಗ್ಗೆ ಅಂದುಕೊಂಡಿದ್ದೆಲ್ಲ ಸರಿ. ಅಣ್ಣ ಮೋಸಹೋದ. ಸದ್ಯ, ಮೋಸ ಅಂತ ತಿಳಿಯುವ ಮುಂಚೆಯೇ ಹೋದ.

ಮಾಂಸ ಮನೆ ಮನೆಗೆ ಕೊಟ್ಟೆ. ಉಳಿದದ್ದು ನಾಯಿಗೆ. ಶನಿವಾರದ ರೈಲಿಗೆ ಹೊರಡುತ್ತೇನೆ. ಇನ್ನು ಈ ಊರಿಗೂ ನನಗೂ ಸಂಬಂಧವಿಲ್ಲ.

ನವೆಂಬರ್ 5, ಗುರುವಾರ

ಅಣ್ಣನ ಔಷಧಿಗಳನ್ನು ವಾಪಸ್ ಕೊಡಲು ಅಬರ್ ಬೆಡುವಿಗೆ ಹೋಗಿದ್ದೆ. ಬರುವಾಗ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕ ನನ್ನನ್ನೇ ನೋಡುತ್ತಿದ್ದ. ಹಣೆಯ ಮೇಲೆ ಅಣ್ಣನ ಕೈಯಲ್ಲಿದ್ದಂಥದೇ ನೀಲಿ ಗೆರೆ.

"ನೀನು ಸಕ್ಕರೆ ತಂಗಿ ಅಲ್ವೇನಮ್ಮಾ? ಅದೇ ಮೂಗು," ಅಂದ. "ಹೇಗಿದ್ದಾನೆ ಅವನು?"

ನನಗೆ ಮೈಯೆಲ್ಲ ಉರಿಯಿತು. "ಸೋಮವಾರ ಮಣ್ಣು ಮಾಡಿದ್ವಿ. ನೀವು ಯಾರೂ ಬರಲಿಲ್ಲ," ಅಂದೆ.

ಅವನು ಬೆಂಚು ಹಿಡಿದುಕೊಂಡು ಕೂತ. "ಸಕ್ಕರೇನ?" ಅಂದ. "ಸಕ್ಕರೆ ಹೋದ್ನಾ? ಯಾರೂ ಹೇಳ್ಲಿಲ್ಲ."

"ಪತ್ರಿಕೆಯಲ್ಲಿ ಹಾಕಿಸಿದ್ದೆ. ದೊಡ್ಡದಾಗಿ."

"ಪತ್ರಿಕೆ ನೋಡ್ದೆ. ಪ್ರತಿ ವಾರ ನೋಡ್ತೀನಿ. ಯಾರೋ ಎಮ್ರಿಸ್ ಏನೋ ಪ್ರಾಸರ್ ಅಂತ ಇತ್ತು. ಆಚೆ ಮಾಂಸದಂಗಡಿ ಪ್ರಾಸರ್‌ಗಳ ಕಡೆಯೋನು ಅಂದ್ಕೊಂಡ್ವಿ. ಸಕ್ಕರೆ ಅಂತ ಇರ್ಲಿಲ್ಲವಲ್ಲಮ್ಮಾ." ಅವನಿಗೆ ನನ್ನ ಮೇಲೆ ಕೋಪ ಬಂದಿರಲಿಲ್ಲ. ಅವನು ನನ್ನನ್ನು ಸಮಾಧಾನ ಮಾಡುವ ಹಾಗೆ ಹೇಳುತ್ತಿದ್ದ. "ಮೂವತ್ತು ವರ್ಷ ಅವನ ಜೊತೆ ಪಂಜರದಲ್ಲಿ ನಿಂತು ಗಣಿಗೆ ಇಳಿದಿದ್ದೀನಿ. ಅವನ ಹೆಸರು ಎಮ್ರಿಸ್ ಅಂತ ಈಗ ಗೊತ್ತಾಯ್ತು ನೋಡು."

ಬಸ್ಸು ಬಂತು. ಅವನು ಹತ್ತಿದವನೇ ಒಳಗಿದ್ದವರಿಗೆ, "ಸಕ್ಕರೆ ಹೋಗ್ಬಿಟ್ಟ ಕಣ್ರೋ. ಮಣ್ಣೂ ಆಗೋಯ್ತು," ಅಂದ. ಹಿಂದಿನ ಸೀಟಿನಿಂದ ಒಬ್ಬ, ಯಾವಾಗ, ಅಂದ. ಸೋಮವಾರ, ಅಂತ ಇವನು. ನಾನು ಮನೇಲೇ ಇದ್ನಲ್ಲ ಸೋಮವಾರ, ಸುಮ್ನೆ ಕೂತಿದ್ನಲ್ಲ, ಅಂತ ಇನ್ನೊಬ್ಬ. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಕೆಲವರು ಟೋಪಿ ತೆಗೆದರು. ಪೆನ್ ಬೆಡು ತನಕ ಒಬ್ಬರೂ ನನ್ನನ್ನು ಬೈಯಲಿಲ್ಲ. ನಾನು ಕಿಟಕಿಗೆ ಮುಖ ತಿರುಗಿಸಿ ಕೂತಿದ್ದೆ.

ಸೀದಾ ಬೆಟಿ ಮನೆಗೆ ಹೋದೆ. ಅವಳು ಬಾಗಿಲಲ್ಲೇ ನನ್ನ ಮುಖ ನೋಡಿ ಒಳಗೆ ಕರೆದಳು.

"ನೀನಾದ್ರೂ ಯಾರಿಗಾದ್ರೂ ಹೇಳ್ಬಾರದಿತ್ತಾ ಬೆಟಿ?"

"ನಿಮ್ಮ ಮನೆ ವಿಷಯ ಅಂದ್ಯಲ್ಲ," ಅಂದಳು. ಆಮೇಲೆ, "ಪಿಸುಗಾದ್ರೂ ನೀನು ಹೇಳಿರ್ತೀಯ ಅಂದ್ಕೊಂಡೆ. ಪಿಸುಗೆ ಗೊತ್ತಾದ್ರೆ ಎಲ್ಲರಿಗೂ ಗೊತ್ತಾದ ಹಾಗೆ. ನಾವು ಸಾಲಿನೋರೆಲ್ಲ ಹಾಗೇ ಅಂದ್ಕೊಂಡ್ವಿ. ಅವತ್ತು ಅವನು ಬರದೇ ಇದ್ದಾಗ್ಲೇ ಗೊತ್ತಾಯ್ತು, ನೀನು ಹೇಳಿಲ್ಲ ಅಂತ," ಅಂದಳು.

ಅಣ್ಣ ಕೇಳಿದ್ದು ಒಂದೇ. ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅದೊಂದೇ.

ನವೆಂಬರ್ 6, ಶುಕ್ರವಾರ

ಬೆಳಿಗ್ಗೆಯಿಂದ ಬಾಗಿಲು ಬಡಿಯುತ್ತಲೇ ಇದೆ. ಒಬ್ಬೊಬ್ಬರೇ, ಇಬ್ಬಿಬ್ಬರೇ. ಕೆಲವರು ಏರು ಹತ್ತಿ ಬಂದು ಮಾತಾಡಲು ಉಸಿರಿಲ್ಲದೆ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಟೋಪಿ ತಿರುಗಿಸುತ್ತಾ ಅವನ ಖಾಲಿ ಮಂಚ ನೋಡುತ್ತಾರೆ. ಒಬ್ಬ, "ಇನ್ನೊಂದ್ಸಲ ಮಾಡೋಕಾಗಲ್ವಲ್ಲ ಇದನ್ನ," ಅಂದ. ನನ್ನ ಹತ್ತಿರ ಕೊಡಲು ಮಾಂಸವೂ ಇರಲಿಲ್ಲ. ಬೆಟಿ ಓಡಿಹೋಗಿ ಬಿಸ್ಕತ್ತು ತಂದಳು.

ಪಿಸು ಬಂದಿಲ್ಲ. ಅವನು ಹೇಗೆ ಬರುತ್ತಾನೆ? ಅವನಿಗೆ ಇನ್ನೂ ಹೇಳಿಲ್ಲವಂತೆ. ಆ ಎದೆ ಇಟ್ಟುಕೊಂಡವನಿಗೆ ಹೇಗೆ ಹೇಳೋದು ಅಂತ ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದಾರೆ. "ನೀನೇ ಹೇಳ್ಬೇಕು," ಅಂದಳು ಬೆಟಿ. ನನಗೆ ಗೊತ್ತು.

ನವೆಂಬರ್ 7, ಶನಿವಾರ

ರೈಲಿಗೆ ಹೋಗಲಿಲ್ಲ. ಅಬರ್ ಬೆಡುವಿನಲ್ಲಿ ಇಳಿದು, ಬ್ರೆಡ್ ಅಂಗಡಿಯ ಹುಡುಗಿಯನ್ನು ಪಿಸು ಮನೆ ಎಲ್ಲಿ ಅಂತ ಕೇಳಿದೆ. "ದೊಡ್ಡ ರಸ್ತೇಲಿ ಹಸಿರು ಬಾಗಿಲು," ಅಂದಳು, ಹಿಟ್ಟಿನಿಂದ ತಲೆ ಕೂಡ ಎತ್ತದೆ.

ಮೊಮ್ಮಗಳು ಒಳಗೆ ಬಿಟ್ಟಳು. ಪಿಸು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಮೂಗಿಗೆ ಕೊಳವೆ. ಪಕ್ಕದ ಕಣಿವೆಗೆ ಕೇಳುತ್ತಿದ್ದ ಗಂಟಲು ಈಗ ಬಗ್ಗಿ ಕೇಳಿದರೆ ಮಾತ್ರ ಕೇಳುತ್ತೆ. ಬಾಗಿಲ ಹಿಂದೆ ಕರಿ ಕೋಟು ತೂಗುಹಾಕಿತ್ತು, ಬ್ರಷ್ ಹಾಕಿ, ಅದರ ಕೆಳಗೆ ಬೂಟು.

ನಾನು ಯಾರು ಅಂತ ಹೇಳಬೇಕಾಗಲಿಲ್ಲ. "ಸಕ್ಕರೆ ತಂಗಿ," ಅಂದ, ಮುಖವೆಲ್ಲ ಬೆಳಗಿತು. "ಕೂತ್ಕೊಳಮ್ಮಾ. ಅವನು ಕಳ್ಸಿದ್ನಾ? ಅವನ ಹಿಂದೆ ನಡೀಬೇಕಲ್ಲ ಅಂತ ಆಗಸ್ಟಿಂದ ಈ ಕೋಟು ತಯಾರು ಮಾಡಿ ಇಟ್ಕೊಂಡಿದ್ದೀನಿ. ನನ್ನನ್ನ ಕಾರಲ್ಲಾದ್ರೂ ಕೂರ್ಸಿ ಕರ್ಕೊಂಡು ಹೋಗು ಅಂತ ಇವಳಿಗೆ ಹೇಳಿಟ್ಟಿದ್ದೀನಿ. ಸುದ್ದಿ ಬರ್ಲೇ ಇಲ್ಲ. ಇನ್ನೂ ಗಟ್ಟಿಯಾಗಿದ್ದಾನೆ ಮುದುಕ ಅಂತ ಖುಷಿಯಾಗಿದ್ದೆ."

ಹೇಳಿದೆ. ಎಲ್ಲ ಹೇಳಿದೆ. ನಿನಗೆ ಮೊದಲು ಹೇಳು ಅಂದಿದ್ದ, ನಾನು ಹೇಳಲಿಲ್ಲ ಅಂದೆ. ಆ ಹೆಸರು ನನಗೆ ನಾಚಿಕೆಯಾಗಿತ್ತು, ಅದಕ್ಕೆ ಹಾಕಿಸಲಿಲ್ಲ ಅಂದೆ. ಮೊಮ್ಮಗಳು ಚಹಾ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಪಿಸು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

"ಎಷ್ಟು ಜನ ನಡೆದ್ರು?" ಅಂದ ಕೊನೆಗೆ.

ಸುಳ್ಳು ಹೇಳಬಹುದಿತ್ತು. "ಏಳು," ಅಂದೆ.

ಅವನು ತಲೆಯಾಡಿಸಿದ. ಕಿಟಕಿಯ ಹೊರಗೆ ರಸ್ತೆ. ಹೊಸ ಸ್ಮಶಾನಕ್ಕೆ ಹೋಗುವ ಕಣಿವೆಯ ಗಾಡಿಗಳೆಲ್ಲ ಆ ಕಿಟಕಿಯ ಮುಂದೆಯೇ ಹೋಗಬೇಕು. ಅದನ್ನು ನೋಡುತ್ತಾ, "ಸೋಮವಾರ," ಅಂದ. "ಸೋಮವಾರ ಮಧ್ಯಾಹ್ನದ ಹೊತ್ತಿಗೆ ಒಂದು ಹೆಣದ ಗಾಡಿ ಹೋಯ್ತು. ಟೆಗ್ವಿನ್ ಗಾಡಿ. ಹಿಂದೆ ಎರಡೇ ಕಾರು. ನಾನು ಎದ್ದು ನಿಂತೆ, ಇವಳು ಹಿಡ್ಕೊಂಡ್ಲು. ಪಾಪ, ಯಾವನೋ ಯಾರೂ ಇಲ್ದೋನು, ಮನುಷ್ಯ ಹೀಗೆ ಹೋಗ್ಬಾರ್ದು ಕಣಮ್ಮಾ ಅಂತ ಇವಳಿಗೆ ಹೇಳ್ದೆ. ಅಲ್ವೇನೇ?"

ಮೊಮ್ಮಗಳು ಹೂಂ ಅಂದಳು. ಅವಳು ಅಳುತ್ತಿದ್ದಳು.

"ನೀವು ಎದ್ದು ನಿಂತಿದ್ರಲ್ಲ," ಅಂದೆ. "ಅವನಿಗಾಗಿ ನಿಂತ ಹಾಗೇ ಆಯ್ತು."

"ಇಲ್ಲಮ್ಮಾ. ನಾನು ನಿಂತಿದ್ದು ಯಾರೋ ಗೊತ್ತಿಲ್ಲದೋನಿಗೆ." ಕೊಳವೆ ಸರಿಮಾಡಿಕೊಂಡ. ಉಸಿರು ಬರುವ ತನಕ ನಾವಿಬ್ಬರೂ ಕಾದೆವು. "ಅವತ್ತೆಲ್ಲ ಅದೇ ಯೋಚನೆ ನನಗೆ. ಸಕ್ಕರೆ ಸಿಕ್ಕಾಗ ಹೇಳ್ಬೇಕು ಅಂತಿದ್ದೆ. ಹೀಗೊಬ್ಬ ಅನಾಥ ಹೋದ ಕಣೋ, ನಮಗೆ ಗೊತ್ತಿದ್ದಿದ್ರೆ ನಾವಿಬ್ರಾದ್ರೂ ಹೋಗಿ ನಡೀಬಹುದಿತ್ತು ಅಂತ. ಅವನು ಖಂಡಿತ ಹೋಗಿರೋನು."

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಕತ್ತಲಾಗುವ ತನಕ ಅವನ ಪಕ್ಕದಲ್ಲೇ ಕೂತು ರಸ್ತೆ ನೋಡಿದೆ.